ಫ್ಲೋ ಕಂಟ್ರೋಲರ್‌ನ ಸೆಟ್ಟಿಂಗ್ ಬ್ಯಾಕಪ್ ಮತ್ತು ಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಪ್ಯಾನೆಲ್ ಮುಂದೆ ನಿಂತು ಕೆಲಸ ಮಾಡುವವರಿಗೆ: ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ನರು, ಶಿಫ್ಟ್ ಎಂಜಿನಿಯರುಗಳು, ಈಗಷ್ಟೇ ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದವರು. 2013ರಲ್ಲಿ ದಾಭೋಲ್–ಬೆಂಗಳೂರು ಅನಿಲ ಪೈಪ್‌ಲೈನ್ ಚಾಲೂ ಆದಮೇಲೆ ಕರ್ನಾಟಕದ ಎಷ್ಟೋ ಕಾರ್ಖಾನೆಗಳ ಗೇಟಿನ ಪಕ್ಕ ಮೀಟರಿಂಗ್ ಸ್ಕಿಡ್ (ಪೈಪು, ಮೀಟರು, ವಾಲ್ವುಗಳನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿದ್ದು) ಬಂದಿದೆ. ಅದರಲ್ಲಿರುವ ಪೆಟ್ಟಿಗೆ ಹರಿವನ್ನು ಅಳೆಯುತ್ತದೆ, ಲೆಕ್ಕ ಬರೆದಿಡುತ್ತದೆ, ಹಲವು ಕಡೆ ಕಂಟ್ರೋಲ್ ವಾಲ್ವನ್ನೂ ತಾನೇ ನಡೆಸುತ್ತದೆ. ಕೆಲವರು ಅದನ್ನು ಫ್ಲೋ ಕಂಪ್ಯೂಟರ್ ಅನ್ನುತ್ತಾರೆ, ಕೆಲವರು ಫ್ಲೋ ಕಂಟ್ರೋಲರ್. ನಾನು ಕಂಟ್ರೋಲರ್ ಎಂದೇ ಬರೆಯುತ್ತೇನೆ. ಉದಾಹರಣೆಗಳು ಅನಿಲದವು, ಆದರೆ ಹಬೆ, ನೀರು, ಎಣ್ಣೆ ಲೈನಿನವರಿಗೂ ಮುಕ್ಕಾಲು ಪಾಲು ಹಾಗೆಯೇ ಒಪ್ಪುತ್ತದೆ.

ಬ್ಯಾಕಪ್ಪಿಗೂ ಗಡಿಯಾರಕ್ಕೂ ಏನು ಸಂಬಂಧ? ಎರಡನ್ನೂ ಒಟ್ಟಿಗೆ ಯಾಕೆ ನೋಡಬೇಕು?

"ನಿನ್ನೆ ಇಷ್ಟು ಘನ ಮೀಟರ್ ಹೋಯಿತು" ಅಂತ ಕಂಟ್ರೋಲರ್ ಹೇಳಿದಾಗ ಆ ಮಾತಿನಲ್ಲಿ ಎರಡು ಭಾಗ ಇದೆ. "ಇಷ್ಟು" ಅನ್ನುವುದು ಸೆಟ್ಟಿಂಗ್‌ಗಳಿಂದ ಬರುತ್ತದೆ: ಆರಿಫೀಸ್ ಪ್ಲೇಟಿನ (ಹರಿವಿಗೆ ಅಡ್ಡ ಇಡುವ ತೂತಿನ ತಗಡು) ರಂಧ್ರ, ಪೈಪಿನ ಒಳವ್ಯಾಸ, ಟ್ರಾನ್ಸ್‌ಮಿಟರ್ (ಒತ್ತಡ, ಉಷ್ಣತೆ ಅಳೆದು ಕಳಿಸುವ ಉಪಕರಣ) ರೇಂಜ್, ಅನಿಲದ ಸಂಯೋಜನೆ. "ನಿನ್ನೆ" ಅನ್ನುವುದು ಗಡಿಯಾರದಿಂದ. ಒಂದು ತಪ್ಪಿದರೂ ಬಿಲ್ಲಿನ ಮೇಲಿನ ಅಂಕಿ ತಪ್ಪು.

ಇನ್ನೊಂದು ಕಾರಣ ಪೆಟ್ಟಿಗೆಯ ಒಳಗೇ ಇದೆ. ಹಳೆಯ ಮಾದರಿಗಳಲ್ಲಿ ಸೆಟ್ಟಿಂಗ್ ಇಟ್ಟುಕೊಳ್ಳುವ ಮೆಮೊರಿ ಮತ್ತು ಗಡಿಯಾರದ ಚಿಪ್ ಎರಡಕ್ಕೂ ಒಂದೇ ನಾಣ್ಯದಂಥ ಲಿಥಿಯಂ ಸೆಲ್ ಆಧಾರ. ಸೆಲ್ ಸತ್ತಿದ್ದರೂ ಕರೆಂಟ್ ಇರುವ ತನಕ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದು ರಾತ್ರಿ ಕರೆಂಟೂ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಎರಡೂ ಒಟ್ಟಿಗೆ ಅಳಿಸಿಹೋಗುತ್ತವೆ.

ಬ್ಯಾಕಪ್ ಫೈಲಿನಲ್ಲಿ ನಿಜವಾಗಿ ಏನೇನು ಇರುತ್ತದೆ?

ಎಲ್ಲ ಇರುತ್ತದೆ ಅಂತ ಅಂದುಕೊಳ್ಳುವುದೇ ಹೆಚ್ಚಿನ ತೊಂದರೆಗೆ ಮೂಲ. ಸಾಮಾನ್ಯವಾಗಿ ಟ್ಯಾಗ್ (ಉಪಕರಣದ ಗುರುತಿನ ಹೆಸರು), ಮೀಟರ್ ವಿವರ, ಇನ್‌ಪುಟ್ ಔಟ್‌ಪುಟ್ ರೇಂಜ್, ಅಲಾರಂ ಮಿತಿ, ಪಿಐಡಿ ಅಂಕಿಗಳು (ವಾಲ್ವ್ ಎಷ್ಟು ಚುರುಕಾಗಿ ಓಡಬೇಕೆಂದು ಹೇಳುವವು), ಮಾಡ್‌ಬಸ್ (ಬೇರೆ ಯಂತ್ರಗಳ ಜೊತೆ ಮಾತಾಡುವ ಭಾಷೆ) ರಿಜಿಸ್ಟರ್ ಪಟ್ಟಿ ಇರುತ್ತವೆ. ಇಲ್ಲದಿರುವ ಸಾಧ್ಯತೆ ಇರುವುದು: ಗಂಟೆ ಮತ್ತು ದಿನದ ಇತಿಹಾಸ, ಈವೆಂಟ್ ಲಾಗ್, ಟೋಟಲೈಸರ್ (ಒಟ್ಟು ಹರಿವನ್ನು ಕೂಡಿಸುತ್ತ ಹೋಗುವ ಎಣಿಕೆ) ಓದು, ಪಾಸ್‌ವರ್ಡ್, ಲೈಸೆನ್ಸ್ ಕೀ, ಬಳಕೆದಾರರು ಬರೆದು ಸೇರಿಸಿದ ಪ್ರೋಗ್ರಾಂ, ಫರ್ಮ್‌ವೇರ್ (ಪೆಟ್ಟಿಗೆಯ ಒಳಗಿನ ಮೂಲ ಸಾಫ್ಟ್‌ವೇರ್). ಹಾರ್ಟ್ (HART ಎಂಬ ಡಿಜಿಟಲ್ ಸಂವಹನ ಇರುವ) ಟ್ರಾನ್ಸ್‌ಮಿಟರಿನ ಒಳಗೆ ಮಾಡಿದ ಟ್ರಿಮ್ (ಓದಿನ ಸೂಕ್ಷ್ಮ ತಿದ್ದುಪಡಿ) ಟ್ರಾನ್ಸ್‌ಮಿಟರಿನಲ್ಲೇ ಉಳಿಯುತ್ತದೆ, ಕಂಟ್ರೋಲರ್ ಬ್ಯಾಕಪ್ಪಿಗೆ ಅದು ಬರುವುದಿಲ್ಲ.

ಹಾಗಾಗಿ ಇತಿಹಾಸವನ್ನು ಬೇರೆಯಾಗಿ ಇಳಿಸಿಕೊಳ್ಳಿ. ಟೋಟಲೈಸರ್ ಓದನ್ನು ಪರದೆಯಿಂದ ನೋಡಿ ಲಾಗ್ ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆಯಿರಿ. ಫರ್ಮ್‌ವೇರ್ ಆವೃತ್ತಿಯ ಸಂಖ್ಯೆಯನ್ನೂ ಬರೆಯಿರಿ, ಯಾಕೆಂದರೆ ಒಂದು ಆವೃತ್ತಿಯಲ್ಲಿ ತೆಗೆದ ಫೈಲನ್ನು ಇನ್ನೊಂದು ಆವೃತ್ತಿ ಒಪ್ಪದೇ ಇರಬಹುದು, ಅಥವಾ ಇನ್ನೂ ಕೆಟ್ಟದ್ದು, ಅರ್ಧ ಒಪ್ಪಿಕೊಂಡು ಸುಮ್ಮನಿರಬಹುದು.

ಸಾಫ್ಟ್‌ವೇರಿನಲ್ಲಿ "ಸೇವ್" ಒತ್ತಿದ್ದೇನೆ. ಬ್ಯಾಕಪ್ ಆದಂತೆಯೇ?

ಅಲ್ಲ. ಸೇವ್ ಎಂಬ ಒಂದೇ ಪದಕ್ಕೆ ಇಲ್ಲಿ ಎರಡು ಕೆಲಸ. ಒಂದು, ಕಂಟ್ರೋಲರಿನ ಚಾಲ್ತಿ ಮೆಮೊರಿಯಲ್ಲಿ ಇರುವುದನ್ನು ಅದರದೇ ಫ್ಲ್ಯಾಶ್ ಮೆಮೊರಿಗೆ ಬರೆಯುವುದು. ಇನ್ನೊಂದು, ಅದನ್ನು ನಿಮ್ಮ ಲ್ಯಾಪ್‌ಟಾಪಿಗೆ ಫೈಲಾಗಿ ಇಳಿಸುವುದು. ಫ್ಲೋಬಾಸ್, ಆರ್‌ಒಸಿ ಮಾದರಿಯ ಕಂಟ್ರೋಲರ್ ಬಳಸುವವರಿಗೆ ಗೊತ್ತಿರುತ್ತದೆ: ರಾಕ್‌ಲಿಂಕ್ ಸಾಫ್ಟ್‌ವೇರಿನಲ್ಲಿ ಫ್ಲ್ಯಾಶಿಗೆ ಉಳಿಸುವುದು ಫ್ಲಾಗ್ಸ್ ಪರದೆಯಲ್ಲಿ, ಫೈಲಾಗಿ ಉಳಿಸುವುದು ಬೇರೆ ಮೆನುವಿನಲ್ಲಿ. ಬೇರೆ ಕಂಪನಿಗಳ ಪೆಟ್ಟಿಗೆಗಳಲ್ಲೂ ಈ ಎರಡು ಮೆಟ್ಟಿಲು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ.

ಫ್ಲ್ಯಾಶಿಗೆ ಬರೆಯದೆ ಬಿಟ್ಟರೆ ಮುಂದಿನ ಕೋಲ್ಡ್ ಸ್ಟಾರ್ಟಿನಲ್ಲಿ (ಚಾಲ್ತಿ ಮೆಮೊರಿ ಬಿಟ್ಟು ಮೊದಲಿನಿಂದ ಶುರುವಾದಾಗ) ಕಂಟ್ರೋಲರ್ ಹಿಂದೆಂದೋ ಉಳಿಸಿದ ಸೆಟ್ಟಿಂಗಿಗೆ ಮರಳುತ್ತದೆ. ಲ್ಯಾಪ್‌ಟಾಪಿಗೆ ಇಳಿಸದೆ ಬಿಟ್ಟರೆ ಕಾರ್ಡ್ ಸುಟ್ಟ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡನ್ನೂ ಮಾಡಬೇಕು, ಪ್ರತಿ ಬದಲಾವಣೆಯ ನಂತರವೂ.

ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ತೆಗೆಯಬೇಕು?

ಕ್ಯಾಲೆಂಡರಿಗಿಂತ ಬದಲಾವಣೆಯನ್ನು ಹಿಂಬಾಲಿಸಿ. ಪ್ಲೇಟ್ ಬದಲಾಯಿತೇ, ರೇಂಜ್ ಬದಲಾಯಿತೇ, ಅನಿಲದ ಸಂಯೋಜನೆಯ ಅಂಕಿ ಕೈಯಿಂದ ತುಂಬಿದಿರೇ, ಅವತ್ತೇ ತೆಗೆಯಿರಿ. ಬದಲಾವಣೆಗೆ ಮುಂಚೆ ಒಂದು, ನಂತರ ಒಂದು. ಏನೂ ಬದಲಾಗದಿದ್ದರೂ ಮೂರು ತಿಂಗಳಿಗೊಮ್ಮೆ ಇಳಿಸಿ ಹಳೆಯದರ ಜೊತೆ ಹೋಲಿಸಿ ನೋಡಿ. "ಏನೂ ಬದಲಾಗಿಲ್ಲ" ಅನ್ನುವ ಮಾತು ನಿಜವೋ ಅಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಜಾಗದಲ್ಲಿ ಸಿಡಿಲಿಗೆ ಕಂಟ್ರೋಲರಿನ ಮುಖ್ಯ ಕಾರ್ಡ್ ಹೋಯಿತು. ಹೊಸ ಕಾರ್ಡ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಸಿಕ್ಕ ಫೈಲನ್ನು ಲೋಡ್ ಮಾಡಿದೆವು. ವಾಲ್ವ್ ಓಡಿತು, ಅಲಾರಂ ಇಲ್ಲ, ಎಲ್ಲರೂ ಊಟಕ್ಕೆ ಹೋದೆವು. ಆ ಫೈಲು 14 ತಿಂಗಳು ಹಳೆಯದು. ನಡುವೆ 100 ಮಿಲಿಮೀಟರ್ ರಂಧ್ರದ ಪ್ಲೇಟ್ ತೆಗೆದು 98ರದ್ದು ಹಾಕಿದ್ದರು. ಹರಿವಿನ ಲೆಕ್ಕದಲ್ಲಿ ರಂಧ್ರದ ವ್ಯಾಸದ ವರ್ಗ ಬರುತ್ತದೆ, ಹಾಗಾಗಿ ಶೇ. 2ರ ವ್ಯತ್ಯಾಸ ಲೆಕ್ಕದಲ್ಲಿ ಶೇ. 4ಕ್ಕೂ ಮೀರಿತು. ನಿಜವಾಗಿ ಹೋದದ್ದಕ್ಕಿಂತ ಹೆಚ್ಚು ತೋರಿಸುತ್ತ 11 ದಿನ ನಡೆಯಿತು. ಶೇ. 40 ತಪ್ಪಿದ್ದರೆ ಮೊದಲ ಗಂಟೆಯಲ್ಲೇ ಸಿಕ್ಕಿಬೀಳುತ್ತಿತ್ತು. ಶೇ. 4 ಯಾರ ಕಣ್ಣಿಗೂ ಬೀಳಲಿಲ್ಲ. ಆ 11 ದಿನದ ಲೆಕ್ಕವನ್ನು ಮತ್ತೆ ಕೂತು ತಿದ್ದಿದ್ದು ನನಗೆ ಇವತ್ತಿಗೂ ನೆನಪಿದೆ.

ಒಂದು ಸ್ಟೇಷನ್ನಿನ ಫೈಲನ್ನು ಇನ್ನೊಂದಕ್ಕೆ ಹಾಕಿ ಟ್ಯಾಗ್ ಬದಲಿಸಿದರೆ ಸಾಕೇ? ಎರಡೂ ಒಂದೇ ಮಾದರಿ.

ಮಾದರಿ ಒಂದೇ ಇರಬಹುದು, ಊರು ಬೇರೆ. ಮಂಗಳೂರಿನಲ್ಲಿ ಸರಿಯಿದ್ದ ಫೈಲನ್ನು ಬೆಂಗಳೂರಿಗೆ ತಂದಿರಿ ಅಂದುಕೊಳ್ಳಿ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ವಾತಾವರಣದ ಒತ್ತಡ ಸುಮಾರು 1.013 ಬಾರ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 0.91 ಬಾರ್ ಆಸುಪಾಸು. ನಿಮ್ಮ ಒತ್ತಡದ ಟ್ರಾನ್ಸ್‌ಮಿಟರ್ ಗೇಜ್ ಬಗೆಯದ್ದಾದರೆ (ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂದಷ್ಟೇ ಅಳೆಯುವಂಥದ್ದು) ಅದು ಕೊಡುವ ಅಂಕಿಗೆ ಕಂಟ್ರೋಲರ್ ಈ ವಾತಾವರಣದ ಒತ್ತಡವನ್ನು ಕೂಡಿಸಿಕೊಂಡು ಲೆಕ್ಕ ಹಾಕುತ್ತದೆ.

ಲೈನಿನಲ್ಲಿ 4 ಬಾರ್ ಗೇಜ್ ಇದ್ದರೆ ಬೆಂಗಳೂರಿನ ನಿಜವಾದ ಒತ್ತಡ ಸುಮಾರು 4.91 ಬಾರ್. ಮಂಗಳೂರಿನ ಸೆಟ್ಟಿಂಗ್ ಇದ್ದರೆ ಕಂಟ್ರೋಲರ್ 5.01 ಅಂದುಕೊಳ್ಳುತ್ತದೆ. ಟರ್ಬೈನ್ ಅಥವಾ ರೋಟರಿ ಮೀಟರಿನಲ್ಲಿ ಇದರಿಂದ ಶೇ. 2ರಷ್ಟು ಹೆಚ್ಚು ಲೆಕ್ಕ ಬೀಳುತ್ತದೆ. ಆರಿಫೀಸಿನಲ್ಲಿ ವರ್ಗಮೂಲ ಬರುವುದರಿಂದ ಅದರ ಅರ್ಧ. ಟ್ಯಾಗ್ ಬದಲಾಗಿದೆ, ಪರದೆ ಅಚ್ಚುಕಟ್ಟಾಗಿದೆ, ಅಂಕಿ ಮಾತ್ರ ತಪ್ಪು.

ಬೇಸ್ ಉಷ್ಣತೆಯನ್ನೂ (ಅನಿಲದ ಪ್ರಮಾಣವನ್ನು ಯಾವ ಉಷ್ಣತೆಗೆ ಪರಿವರ್ತಿಸಿ ಹೇಳುತ್ತದೋ ಅದನ್ನು) ನೋಡಿ. ನಮ್ಮಲ್ಲಿ ಸ್ಟ್ಯಾಂಡರ್ಡ್ ಘನ ಮೀಟರ್ ಅಂದರೆ 15 ಡಿಗ್ರಿ ಸೆಲ್ಸಿಯಸ್, 1.01325 ಬಾರ್. ಅಮೆರಿಕದ ರೂಢಿಯಲ್ಲಿ ತಯಾರಾದ ಪೆಟ್ಟಿಗೆ ಫ್ಯಾಕ್ಟರಿ ಸೆಟ್ಟಿಂಗಿನಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15.56 ಡಿಗ್ರಿ ಇಟ್ಟುಕೊಂಡು ಬರಬಹುದು. ವ್ಯತ್ಯಾಸ ಶೇ. 0.2ರ ಹತ್ತಿರ. ನಾರ್ಮಲ್ ಘನ ಮೀಟರ್ ಎಂದು 0 ಡಿಗ್ರಿ ಇದ್ದರಂತೂ ಶೇ. 5.5. ಒಂದು ಕಂಟ್ರೋಲರಿನ ಫೈಲನ್ನು ಇನ್ನೊಂದಕ್ಕೆ ಮಾದರಿಯಾಗಿ ಬಳಸುವುದು ತಪ್ಪಲ್ಲ, ಆದರೆ ಒಂದೊಂದು ಸಾಲನ್ನೂ ಆ ಜಾಗದ ದಾಖಲೆಯ ಜೊತೆ ಟಿಕ್ ಹಾಕಿ ನೋಡಬೇಕು. ಇಬ್ಬರು ಕೂತು ಒಬ್ಬರು ಓದಿ ಒಬ್ಬರು ಟಿಕ್ ಹಾಕಿದರೆ ಅರ್ಧ ಗಂಟೆಯ ಕೆಲಸ.

ತೆಗೆದಿಟ್ಟ ಫೈಲು ಸರಿಯಿದೆ ಅಂತ ಹೇಗೆ ತಿಳಿಯುವುದು?

ಬೆಂಚಿನ ಮೇಲೆ ಸ್ಪೇರ್ ಕಂಟ್ರೋಲರ್ ಇಟ್ಟು, ಅದಕ್ಕೆ ಫೈಲನ್ನು ಲೋಡ್ ಮಾಡಿ, ಮತ್ತೆ ಅದರಿಂದ ಇಳಿಸಿ, ಎರಡನ್ನೂ ಹೋಲಿಸಿ. ಆಮೇಲೆ ಕ್ಯಾಲಿಬ್ರೇಟರಿನಿಂದ 4, 8, 12, 16, 20 ಮಿಲಿಆಂಪ್ ಕೊಟ್ಟು ಹರಿವಿನ ಅಂಕಿ ಲೈನಿನಲ್ಲಿರುವ ಕಂಟ್ರೋಲರ್ ಕೊಡುವಷ್ಟೇ ಬರುತ್ತದೆಯೇ ನೋಡಿ. ಸ್ಪೇರ್ ಇಲ್ಲದಿದ್ದರೆ ಕನಿಷ್ಠ ಸೆಟ್ಟಿಂಗ್ ಪಟ್ಟಿಯನ್ನು ಪಿಡಿಎಫ್ ಮಾಡಿಕೊಂಡು ಕಣ್ಣಿನಿಂದ ಓದಿ.

ಈ ಪರೀಕ್ಷೆಯಲ್ಲಿ ನಾನು ಮೊದಲು ನೋಡುವುದು ವರ್ಗಮೂಲದ ಗುರುತನ್ನು. ಡಿಪಿ (ಪ್ಲೇಟಿನ ಎರಡು ಬದಿಯ ಒತ್ತಡ ವ್ಯತ್ಯಾಸ) ಟ್ರಾನ್ಸ್‌ಮಿಟರ್ ಲೀನಿಯರ್ ಇದ್ದಾಗ, ಅಂದರೆ ತಾನು ವರ್ಗಮೂಲ ತೆಗೆಯದಿದ್ದಾಗ, ಕಂಟ್ರೋಲರ್ ವರ್ಗಮೂಲ ತೆಗೆಯಬೇಕು. ಒತ್ತಡ ವ್ಯತ್ಯಾಸ ಶೇ. 25 ಇದ್ದಾಗ ಹರಿವು ಶೇ. 50 ಬರಬೇಕು. ಎರಡು ಕಡೆಯೂ ತೆಗೆಯದಿದ್ದರೆ ಶೇ. 25 ಎಂದೇ ತೋರಿಸುತ್ತದೆ, ಎರಡು ಕಡೆಯೂ ತೆಗೆದರೆ ಶೇ. 70.7. ಸೊನ್ನೆಯಲ್ಲೂ ನೂರರಲ್ಲೂ ಮೂರೂ ಸರಿಯಾಗಿಯೇ ಕಾಣುತ್ತವೆ, ಅದಕ್ಕೇ ನಡುವಿನ ಬಿಂದುಗಳನ್ನು ಬಿಡಬಾರದು. 4 ಮಿಲಿಆಂಪ್ ಸೊನ್ನೆ, 20 ನೂರು, ಹಾಗಾಗಿ 8 ಮಿಲಿಆಂಪ್ ಅಂದರೆ ಸರಿಯಾಗಿ ಆ ಶೇ. 25.

ಓಡುತ್ತಿರುವ ಲೈನಿನಲ್ಲಿ ಫೈಲನ್ನು ವಾಪಸ್ ಲೋಡ್ ಮಾಡಬಹುದೇ?

ಶಟ್‌ಡೌನಿಗೆ ಕಾಯಲು ಆಗುವಂತಿದ್ದರೆ ಕಾಯಿರಿ. ಆಗದಿದ್ದರೆ ವರ್ಕ್ ಪರ್ಮಿಟ್ ತೆಗೆದುಕೊಂಡು, ಕಂಟ್ರೋಲ್ ರೂಮಿಗೆ ಹೇಳಿ, ವಾಲ್ವನ್ನು ಮ್ಯಾನ್ಯುಯಲ್ಲಿಗೆ (ಕೈಯಿಂದ ನಡೆಸುವ ಸ್ಥಿತಿಗೆ) ಅಥವಾ ಬೈಪಾಸಿಗೆ ಒಪ್ಪಿಸಿ ಶುರುಮಾಡಿ. ಲೋಡ್ ಆಗುವ ಹೊತ್ತಿನಲ್ಲಿ ಔಟ್‌ಪುಟ್ ಸೊನ್ನೆಗೆ ಬೀಳಬಹುದು, ಹಳೆಯ ಸೆಟ್‌ಪಾಯಿಂಟಿಗೆ ಜಿಗಿಯಬಹುದು. ಬರ್ನರ್ ಉರಿಯುತ್ತಿರುವ ಲೈನಿನಲ್ಲಿ ಅದು ಅಪಾಯ.

ಲೋಡ್ ಮಾಡುವ ಮುಂಚೆ ಕಂಟ್ರೋಲರಿನಲ್ಲಿ ಈಗ ಏನಿದೆಯೋ ಅದನ್ನು, ಕೆಟ್ಟಿದ್ದರೂ ಸರಿ, ಒಂದು ಫೈಲಾಗಿ ಇಳಿಸಿಕೊಳ್ಳಿ. ಇತಿಹಾಸವನ್ನೂ ಇಳಿಸಿ, ಯಾಕೆಂದರೆ ಹೊಸ ಸೆಟ್ಟಿಂಗ್ ಹಾಕುವಾಗ ಅದು ಅಳಿಸಿಹೋಗಬಹುದು. ಬಿಲ್ಲಿಂಗಿಗೆ ಬಳಸುವ ಕಂಟ್ರೋಲರ್ ಆದರೆ ಸೀಲು ಒಡೆಯುವಾಗ ಕೊಡುವವರ ಕಡೆಯವರೂ ಕೊಳ್ಳುವವರ ಕಡೆಯವರೂ ಇರಬೇಕು, ಇಬ್ಬರ ಸಹಿಯೂ ಬೇಕು. ಆಟೋಗೆ ವಾಪಸ್ ಹಾಕುವುದು ಕೊನೆಯ ಹೆಜ್ಜೆ: ಓದು ಸರಿ, ಸೆಟ್‌ಪಾಯಿಂಟ್ ಸರಿ, ವಾಲ್ವಿನ ದಿಕ್ಕು ಸರಿ ಅಂತ ನೋಡಿಕೊಂಡ ಮೇಲೆ.

ಬೇರೆ ಕಂಪನಿಯ ಕಂಟ್ರೋಲರ್ ಬಂದಿದೆ. ಹಳೆಯ ಪಿಐಡಿ ಅಂಕಿಗಳನ್ನು ನೋಡಿಕೊಂಡು ತುಂಬಬಹುದೇ?

ಅಂಕಿಯ ಹಿಂದಿನ ಅರ್ಥ ನೋಡದೆ ತುಂಬಬೇಡಿ. ಕೆಲವರು ಗೇನ್ (ವ್ಯತ್ಯಾಸಕ್ಕೆ ಎಷ್ಟು ಪಟ್ಟು ಪ್ರತಿಕ್ರಿಯೆ) ಕೇಳುತ್ತಾರೆ, ಕೆಲವರು ಪ್ರೊಪೋರ್ಷನಲ್ ಬ್ಯಾಂಡ್. ಬ್ಯಾಂಡ್ ಅಂದರೆ 100ನ್ನು ಗೇನಿನಿಂದ ಭಾಗಿಸಿದ್ದು. ಹಳೆಯದರಲ್ಲಿ ಬ್ಯಾಂಡ್ 200 ಇದ್ದರೆ ಹೊಸದರಲ್ಲಿ ಗೇನ್ 0.5. ಯಾರಾದರೂ ಗೇನ್ ಜಾಗದಲ್ಲಿ 200 ತುಂಬಿದರೆ ವಾಲ್ವ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊಡೆದುಕೊಳ್ಳುತ್ತದೆ. ಇಂಟೆಗ್ರಲ್ ಕೂಡ ಹಾಗೇ: ಒಬ್ಬರದ್ದು ನಿಮಿಷ, ಒಬ್ಬರದ್ದು ಸೆಕೆಂಡ್, ಒಬ್ಬರದ್ದು ನಿಮಿಷಕ್ಕೆ ಎಷ್ಟು ಬಾರಿ ಎಂಬ ಲೆಕ್ಕ. ಬ್ಯಾಕಪ್ಪಿನ ಜೊತೆ ಅಂಕಿಗಳ ಮಾನವನ್ನೂ ಬರೆದಿಡಿ.

ಫೈಲಿಗೆ ಹೆಸರು ಏನು ಇಡಬೇಕು, ಎಲ್ಲಿ ಇಡಬೇಕು?

ಟ್ಯಾಗ್, ನಂತರ ವರ್ಷ, ತಿಂಗಳು, ದಿನ, ಗಂಟೆ, ಕೊನೆಗೆ ಕಾರಣ ಎರಡು ಪದದಲ್ಲಿ. ವರ್ಷ ಮೊದಲಿಟ್ಟರೆ ಫೋಲ್ಡರಿನಲ್ಲಿ ತಾವಾಗಿಯೇ ಕ್ರಮಕ್ಕೆ ಕೂರುತ್ತವೆ. "ಫೈನಲ್", "ಹೊಸದು", "ಫೈನಲ್ 2" ಎಂಬ ಹೆಸರುಗಳನ್ನು ಬಿಟ್ಟುಬಿಡಿ, ರಾತ್ರಿ ಎರಡು ಗಂಟೆಗೆ ಬಂದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಪ್ರತಿ ಪ್ಲಾಂಟಿನ ಹೊರಗೆ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವುದು ಬ್ಯಾಕಪ್ ಅಲ್ಲ. ಅವರು ರಜೆ ಹಾಕಿದ ದಿನ, ಕೆಲಸ ಬಿಟ್ಟ ದಿನ ಅದೂ ಹೋಯಿತು. ಪೆನ್‌ಡ್ರೈವ್ ಬಳಸುವುದಾದರೆ ಅದಕ್ಕೆಂದೇ ಒಂದನ್ನು ಇಟ್ಟು ಬೀಗ ಹಾಕಿ, ಮನೆಯ ಫೋಟೋ ತುಂಬಿದ್ದನ್ನು ಚುಚ್ಚಬೇಡಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್ ಯುಎಸ್‌ಬಿ ಡ್ರೈವ್‌ಗಳ ಮೂಲಕವೂ ಹರಡಿ, ಎಂಜಿನಿಯರ್‌ಗಳ ಕಂಪ್ಯೂಟರಿನಿಂದ ನೇರವಾಗಿ ಕಂಟ್ರೋಲರಿನ ಪ್ರೋಗ್ರಾಮಿಗೇ ಕೈ ಹಾಕಿತ್ತು.

ಫೈಲಿನ ಜೊತೆ ಅದನ್ನು ತೆರೆಯುವ ಸಾಫ್ಟ್‌ವೇರ್ ಆವೃತ್ತಿಯನ್ನೂ ಇಡಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲೇ ಬೆಂಬಲ ನಿಲ್ಲಿಸಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ಆದರೂ ಅವುಗಳ ಮೇಲೆ ಮಾತ್ರ ಓಡುವ ಸಾಫ್ಟ್‌ವೇರ್ ಬೇಡುವ ಕಂಟ್ರೋಲರ್‌ಗಳು ಇನ್ನೂ ಕೆಲಸದಲ್ಲಿವೆ. ಆ ಹಳೆಯ ಲ್ಯಾಪ್‌ಟಾಪ್, ಅದರ ಸೀರಿಯಲ್ ಕೇಬಲ್, ಚಾರ್ಜರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ನೆಟ್‌ವರ್ಕಿನಿಂದ ದೂರ ಇಡಿ.

ಗಡಿಯಾರ ಎಷ್ಟು ಹಿಂದೆ ಮುಂದೆ ಆಗುವುದು ಸಹಜ?

ಒಳಗಿರುವುದು ಕೈಗಡಿಯಾರದಲ್ಲಿರುವಂಥದೇ 32,768 ಹರ್ಟ್ಸ್ ಕ್ವಾರ್ಟ್ಜ್ ಹರಳು. ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪುವ ಹರಳಾದರೆ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 52 ಸೆಕೆಂಡ್. ಇದು ರಿಪೇರಿಯ ವಿಷಯ ಅಲ್ಲ, ಹರಳಿನ ಗುಣ.

ಅದರ ಮೇಲೆ ನಮ್ಮ ಬಿಸಿಲು ಸೇರುತ್ತದೆ. ಈ ಹರಳು 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಮಿಡಿಯುವಂತೆ ತಯಾರಾಗಿರುತ್ತದೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, ಅದೂ ವ್ಯತ್ಯಾಸದ ವರ್ಗದ ಲೆಕ್ಕದಲ್ಲಿ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ನೆರಳಿಲ್ಲದ ತಗಡಿನ ಪ್ಯಾನೆಲ್ ಒಳಗೆ 55 ಡಿಗ್ರಿ ಇದ್ದರೆ ಅಷ್ಟರಿಂದಲೇ ದಿನಕ್ಕೆ ಎರಡೂವರೆ ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುವ ವೇಗ. "ಬೇಸಿಗೆಯಲ್ಲಿ ಗಡಿಯಾರ ಸೋಮಾರಿಯಾಗುತ್ತೆ ಸರ್" ಅಂತ ಒಬ್ಬ ಹಿರಿಯ ಟೆಕ್ನಿಷಿಯನ್ ನನಗೆ ಹೇಳಿದ್ದರು. ಅವರು ಬರೆದಿಟ್ಟ ಲಾಗ್ ಬುಕ್ಕಿನಲ್ಲಿ ಅದು ತಿಂಗಳು ತಿಂಗಳು ಕಾಣುತ್ತಿತ್ತು. ಪ್ಯಾನೆಲ್ ಮೇಲೆ ಒಂದು ನೆರಳಿನ ಚಾವಣಿ ಹಾಕಿಸಿದರೆ ಗಡಿಯಾರಕ್ಕೂ ಸೆಲ್ಲಿಗೂ ಕಾರ್ಡಿಗೂ ಒಳ್ಳೆಯದು.

ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತಿದ್ದರೆ ಅದು ಹರಳಿನ ಗುಣ ಅಲ್ಲ. ಸೆಲ್ ನೋಡಿ, ಕರೆಂಟ್ ಹೋದಾಗಲೆಲ್ಲ ಗಡಿಯಾರ ನಿಲ್ಲುತ್ತಿದೆಯೇ ನೋಡಿ, ಎರಡು ಕಡೆಯಿಂದ ಯಾರಾದರೂ ಸಮಯ ಬರೆಯುತ್ತಿದ್ದಾರೆಯೇ ನೋಡಿ.

ಒಂದೆರಡು ನಿಮಿಷ ತಪ್ಪಿದರೆ ಏನಾಗುತ್ತದೆ? ಅನಿಲ ಎಷ್ಟು ಹೋಯಿತೋ ಅಷ್ಟೇ ತಾನೆ?

ಒಟ್ಟು ಪ್ರಮಾಣ ಕಳೆದುಹೋಗುವುದಿಲ್ಲ, ಜಾಗ ಬದಲಾಗುತ್ತದೆ. ನಮ್ಮ ದೇಶದಲ್ಲಿ ಅನಿಲದ ದಿನ ಬೆಳಗ್ಗೆ 6ಕ್ಕೆ ಶುರುವಾಗಿ ಮರುದಿನ 6ಕ್ಕೆ ಮುಗಿಯುತ್ತದೆ. ಗಂಟೆಗೆ 12,000 ಘನ ಮೀಟರ್ ಹರಿಯುವ ಲೈನಿನಲ್ಲಿ ಒಂದು ನಿಮಿಷ ಅಂದರೆ 200 ಘನ ಮೀಟರ್. ಗಡಿಯಾರ ಹಿಂದಿದ್ದರೆ ಅಷ್ಟು ಇವತ್ತಿನದು ನಿನ್ನೆಯ ಖಾತೆಗೆ ಬೀಳುತ್ತದೆ. ಕೊಡುವವರ ಮೀಟರಿನ ಜೊತೆ ದಿನದ ಲೆಕ್ಕ ತಾಳೆ ಆಗುವುದಿಲ್ಲ. ಪ್ರತಿದಿನ ಹೇಳಿಕೊಂಡ ಪ್ರಮಾಣಕ್ಕಿಂತ ಹೆಚ್ಚು ಕಡಿಮೆ ಎಳೆದರೆ ದಂಡ ಇರುವ ಒಪ್ಪಂದದಲ್ಲಿ ಇದು ಹಣದ ವಿಷಯ.

ಟ್ರಿಪ್ ಆದ (ಪ್ಲಾಂಟ್ ಇದ್ದಕ್ಕಿದ್ದಂತೆ ನಿಂತ) ದಿನ ಇದು ಇನ್ನೂ ನೋವು ಕೊಡುತ್ತದೆ. ವಾಲ್ವ್ ಮುಚ್ಚಿದ್ದರಿಂದ ಬರ್ನರ್ ಆರಿತೋ, ಬರ್ನರ್ ಆರಿದ್ದರಿಂದ ವಾಲ್ವ್ ಮುಚ್ಚಿತೋ? ಎರಡು ಲಾಗ್‌ಗಳ ನಡುವೆ ಎರಡು ನಿಮಿಷ ಅಂತರ ಇದ್ದರೆ ಕಾರಣವೇ ತಲೆಕೆಳಗಾಗುತ್ತದೆ, ತಪ್ಪು ಮಾಡದ ಆಪರೇಟರ್ ಮೇಲೆ ಬೊಟ್ಟು ಹೋಗುತ್ತದೆ. ಗಡಿಯಾರದ ಬಗ್ಗೆ ನನಗಿರುವ ಕಾಳಜಿಯ ಬಹುಪಾಲು ಇದಕ್ಕೇ.

ದಿನದ ಲೆಕ್ಕ ಬೆಳಗ್ಗೆ 11:30ಕ್ಕೆ ಮುಚ್ಚುತ್ತಿದೆ. ಯಾಕೆ?

ಗಡಿಯಾರ ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯದಲ್ಲಿ) ಓಡುತ್ತಿದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ಅದರ 6 ಗಂಟೆ ನಮಗೆ 11:30. ಟೈಮ್ ಝೋನ್ +5:30 ಇಡಿ. ಕೆಲವು ಹಳೆಯ ಪೆಟ್ಟಿಗೆಗಳು ಪೂರ್ತಿ ಗಂಟೆಯ ವ್ಯತ್ಯಾಸವನ್ನು ಮಾತ್ರ ಒಪ್ಪುತ್ತವೆ, ಅರ್ಧ ಗಂಟೆ ಹಾಕಲು ಜಾಗವೇ ಇರುವುದಿಲ್ಲ. ಅಲ್ಲಿ ಝೋನ್ ಸೊನ್ನೆ ಇಟ್ಟು ನೇರವಾಗಿ ಭಾರತೀಯ ಸಮಯವನ್ನೇ ತುಂಬಿ, ಹಾಗೆ ಮಾಡಿದ್ದೇವೆ ಅಂತ ಪ್ಯಾನೆಲ್ ಬಾಗಿಲ ಒಳಗೆ ಚೀಟಿ ಅಂಟಿಸಿ. ಇಲ್ಲದಿದ್ದರೆ ನಾಳೆ ಬಂದವರು "ಸರಿಮಾಡಿ" ಮತ್ತೆ ಐದೂವರೆ ಗಂಟೆ ಕೂಡಿಸುತ್ತಾರೆ.

ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ) ಗುರುತು?

ಆಫ್ ಮಾಡಿ. ಭಾರತದಲ್ಲಿ ಅದು ಇಲ್ಲ. ಆನ್ ಇದ್ದರೆ ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ಭಾನುವಾರ ಗಡಿಯಾರ ತಾನೇ ಒಂದು ಗಂಟೆ ಮುಂದೆ ಜಿಗಿಯುತ್ತದೆ. ಬ್ಯಾಕಪ್ ವಾಪಸ್ ಹಾಕಿದಾಗಲೂ, ಫ್ಯಾಕ್ಟರಿ ರೀಸೆಟ್ ಆದಾಗಲೂ ಈ ಗುರುತನ್ನು ಮತ್ತೆ ನೋಡಿ.

ಗಡಿಯಾರ ಸರಿಪಡಿಸಲು ಸರಿಯಾದ ಹೊತ್ತು ಯಾವುದು?

ಗಂಟೆಯ ನಡುಭಾಗ. 10:20ರಿಂದ 10:40ರ ಒಳಗೆ ಅಂದುಕೊಳ್ಳಿ. ಕಂಟ್ರೋಲರ್ ಪ್ರತಿ ಗಂಟೆ ತುಂಬಿದಾಗ ಒಂದು ದಾಖಲೆ ಬರೆಯುತ್ತದೆ. 11:01 ತೋರಿಸುತ್ತಿರುವಾಗ ಮೂರು ನಿಮಿಷ ಹಿಂದೆ ತಿರುಗಿಸಿ 10:58 ಮಾಡಿದರೆ 11ರ ಗೆರೆಯನ್ನು ಎರಡು ಬಾರಿ ದಾಟಿದಂತಾಗುತ್ತದೆ. ಒಂದೇ ಗಂಟೆಗೆ ಎರಡು ದಾಖಲೆ ಬರಬಹುದು, ಅಥವಾ ಮೊದಲಿನದರ ಮೇಲೆ ಎರಡನೆಯದು ಬರೆಯಬಹುದು. ಮುಂದಕ್ಕೆ ತಳ್ಳಿ ಗೆರೆ ದಾಟಿಸಿದರೆ ಒಂದು ಗಂಟೆ ಕುಂಟುತ್ತದೆ. ಬೆಳಗ್ಗೆ 6ರ ಹತ್ತಿರ ಅಂತೂ ಕೈ ಹಾಕಲೇಬೇಡಿ.

ತಿದ್ದುವ ಮುಂಚೆ ಕಂಟ್ರೋಲರಿನ ಸಮಯ, ನಿಜವಾದ ಸಮಯ, ವ್ಯತ್ಯಾಸ ಎಷ್ಟು ಸೆಕೆಂಡ್, ಯಾರು ತಿದ್ದಿದ್ದು ಇಷ್ಟನ್ನೂ ಬರೆಯಿರಿ. ಆ ವ್ಯತ್ಯಾಸದ ಸಾಲುಗಳೇ ಮುಂದೆ ಸೆಲ್ ದುರ್ಬಲವಾಗುತ್ತಿದೆಯೇ ಅಂತ ಹೇಳುತ್ತವೆ.

ನಿಜವಾದ ಸಮಯಕ್ಕೆ ಲ್ಯಾಪ್‌ಟಾಪನ್ನು ನಂಬುವ ಮೊದಲು ಲ್ಯಾಪ್‌ಟಾಪಿನ ಗಡಿಯಾರ ನೋಡಿ. ಬಹಳಷ್ಟು ಸಾಫ್ಟ್‌ವೇರಿನಲ್ಲಿ ಕಂಪ್ಯೂಟರಿನ ಸಮಯವನ್ನೇ ಕಂಟ್ರೋಲರಿಗೆ ಹಾಕುವ ಬಟನ್ ಇರುತ್ತದೆ. ಇಂಟರ್ನೆಟ್ಟಿಗೆ ಸೇರದೆ ಆರು ತಿಂಗಳು ಬೀರುವಿನಲ್ಲಿದ್ದ ಲ್ಯಾಪ್‌ಟಾಪಿನಿಂದ ಆ ಬಟನ್ ಒತ್ತಿದರೆ ಸರಿಯಿದ್ದದ್ದೂ ಕೆಡುತ್ತದೆ.

ಎನ್‌ಟಿಪಿ (ನೆಟ್‌ವರ್ಕಿನ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಹಾಕಿಸಬೇಕಂತಿದ್ದೇವೆ. ಯಾವ ಸರ್ವರ್?

ಕಂಟ್ರೋಲರನ್ನು ನೇರವಾಗಿ ಇಂಟರ್ನೆಟ್ಟಿಗೆ ಬಿಡಬೇಡಿ. ಪ್ಲಾಂಟಿನ ಒಳಗೇ ಒಂದು ಟೈಮ್ ಸರ್ವರ್ ಇರಲಿ, ಚಾವಣಿಯ ಮೇಲಿನ ಜಿಪಿಎಸ್ ಅಥವಾ ನಾವಿಕ್ (ಭಾರತದ್ದೇ ಉಪಗ್ರಹ ವ್ಯವಸ್ಥೆ) ಆಂಟೆನಾದಿಂದ ಸಮಯ ತೆಗೆದುಕೊಳ್ಳಲಿ. ಕಂಟ್ರೋಲರ್, ಸ್ಕಾಡಾ, ಡಿಸಿಎಸ್ (ಇವೆರಡೂ ಇಡೀ ಪ್ಲಾಂಟನ್ನು ನೋಡುವ, ನಡೆಸುವ ಕಂಪ್ಯೂಟರ್ ವ್ಯವಸ್ಥೆಗಳು) ಎಲ್ಲವೂ ಅದನ್ನೇ ಕೇಳಲಿ. ಯುಡಿಪಿ ಪೋರ್ಟ್ 123 ಫೈರ್‌ವಾಲಿನಲ್ಲಿ ಆ ದಿಕ್ಕಿಗೆ ಮಾತ್ರ ತೆರೆದಿದ್ದರೆ ಸಾಕು.

ಭಾರತೀಯ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಎನ್‌ಪಿಎಲ್. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದಲ್ಲಿ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಗಡಿಯಾರಗಳನ್ನು ಎನ್‌ಐಸಿ (ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ ಎನ್‌ಟಿಪಿ ಸರ್ವರಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರಿಗೆ ಹೊಂದಿಸಬೇಕೆಂದೂ ಲಾಗ್‌ಗಳನ್ನು 180 ದಿನ ಇಡಬೇಕೆಂದೂ ಇದೆ. ನಿಮ್ಮ ಐಟಿ ವಿಭಾಗಕ್ಕೆ ಇದು ಗೊತ್ತಿರುತ್ತದೆ. ಪ್ಲಾಂಟಿನ ನೆಟ್‌ವರ್ಕ್ ಅದರಿಂದ ಹೊರಗೆ ಉಳಿದುಬಿಟ್ಟಿದೆಯೇ ಅಂತ ಅವರ ಜೊತೆ ಕೂತು ನೋಡಿ.

ಸರ್ವರ್ ಸಿಗದಿದ್ದಾಗ ಅಲಾರಂ ಬರುವಂತೆ ಇಡುವುದನ್ನು ಮರೆಯಬೇಡಿ. ಎನ್‌ಟಿಪಿ ಹಾಕಿದ್ದೇವೆ ಎಂಬ ಧೈರ್ಯದಲ್ಲಿ ವರ್ಷಗಟ್ಟಲೆ ಯಾರೂ ಗಡಿಯಾರ ನೋಡದಿರುವುದು ಎನ್‌ಟಿಪಿ ಇಲ್ಲದಿರುವುದಕ್ಕಿಂತ ಕೆಟ್ಟ ಸ್ಥಿತಿ.

ನಮ್ಮದು ಬರೀ ಆರ್‌ಎಸ್-485 (ಸೀರಿಯಲ್ ತಂತಿಯ ಸಂಪರ್ಕ) ಮಾಡ್‌ಬಸ್. ಎನ್‌ಟಿಪಿ ಬರುವುದಿಲ್ಲ.

ಸ್ಕಾಡಾದಿಂದ ದಿನಕ್ಕೊಮ್ಮೆ, ಗಂಟೆಯ ನಡುವೆ, ಸಮಯದ ರಿಜಿಸ್ಟರುಗಳಿಗೆ ಬರೆಸಿ. ವ್ಯತ್ಯಾಸ ಕೆಲವು ಸೆಕೆಂಡಿಗಿಂತ ಹೆಚ್ಚಿದ್ದಾಗ ಮಾತ್ರ ಬರೆಯಲಿ, ಒಂದು ನಿಮಿಷಕ್ಕಿಂತ ಹೆಚ್ಚಿದ್ದರೆ ಬರೆಯದೆ ಅಲಾರಂ ಕೊಡಲಿ. ಸ್ಕಾಡಾದ ಗಡಿಯಾರವೇ ಕೆಟ್ಟ ದಿನ ಇಪ್ಪತ್ತು ಕಂಟ್ರೋಲರುಗಳು ಒಟ್ಟಿಗೆ ಕೆಡುವುದನ್ನು ಈ ಕೊನೆಯ ಷರತ್ತು ತಡೆಯುತ್ತದೆ. ಸಮಯ ಬರೆಯುವ ಹಕ್ಕು ಒಬ್ಬರಿಗೆ ಮಾತ್ರ ಇರಲಿ.

ಸೆಲ್ ಬದಲಿಸುವಾಗ ಕರೆಂಟ್ ಇರಬೇಕೇ, ತೆಗೆಯಬೇಕೇ?

ಕಂಟ್ರೋಲ್ ರೂಮಿನ ಒಳಗಿನ ಸಾಧಾರಣ ಪ್ಯಾನೆಲ್ ಆದರೆ, ತಯಾರಕರ ಕೈಪಿಡಿ ಒಪ್ಪಿದರೆ, ಕರೆಂಟ್ ಇದ್ದಾಗಲೇ ಬದಲಿಸುವುದು ರೂಢಿ, ಮೆಮೊರಿಗೆ ಆಧಾರ ತಪ್ಪುವುದಿಲ್ಲ. ಆದರೆ ಅನಿಲದ ಸ್ಕಿಡ್ ಮೇಲಿನ ಫ್ಲೇಮ್‌ಪ್ರೂಫ್ (ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ಹತ್ತದಂತೆ ಮಾಡಿದ) ಪೆಟ್ಟಿಗೆಯ ಮುಚ್ಚಳವನ್ನು ಕರೆಂಟ್ ಇರುವಾಗ ತೆರೆಯಬಾರದು. ಒಂದು ಕಿಡಿ ಸಾಕು. ಅಲ್ಲಿ ಸೆಟ್ಟಿಂಗ್ ಹೋಗುವ ಭಯಕ್ಕೆ ಸುರಕ್ಷತೆಯನ್ನು ಬಿಟ್ಟುಕೊಡಬೇಡಿ. ಮೊದಲು ಫ್ಲ್ಯಾಶಿಗೆ ಉಳಿಸಿ, ಫೈಲ್ ಇಳಿಸಿ, ಇತಿಹಾಸ ಇಳಿಸಿ, ಟೋಟಲೈಸರ್ ಬರೆದುಕೊಳ್ಳಿ. ಆಮೇಲೆ ಪರ್ಮಿಟ್, ಅನಿಲ ಪರೀಕ್ಷೆ, ಕರೆಂಟ್ ತೆಗೆದು ಹೆಸರಿನ ಚೀಟಿ ಕಟ್ಟಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು ಮುಚ್ಚಳ ತೆಗೆಯಿರಿ. ಬ್ಯಾಕಪ್ ಕೈಯಲ್ಲಿದ್ದರೆ ಕರೆಂಟ್ ತೆಗೆಯಲು ಯಾರೂ ಹಿಂಜರಿಯುವುದಿಲ್ಲ.

ಮಲ್ಟಿಮೀಟರಿನಲ್ಲಿ 3 ವೋಲ್ಟ್ ತೋರಿಸಿತು ಅಂತ ಹಳೆಯ ಸೆಲ್ಲನ್ನೇ ಬಿಡಬೇಡಿ. ಲಿಥಿಯಂ ಸೆಲ್ ಕೊನೆಯ ತನಕ ಚೆನ್ನಾಗಿಯೇ ವೋಲ್ಟೇಜ್ ತೋರಿಸಿ ಒಮ್ಮೆಗೇ ಕುಸಿಯುತ್ತದೆ. ತಯಾರಕರು ಹೇಳಿದ ಅವಧಿಗೆ ಬದಲಿಸಿ, ದಿನಾಂಕವನ್ನು ಸೆಲ್ ಪಕ್ಕದಲ್ಲೇ ಬರೆಯಿರಿ.

ಬೆಳಗ್ಗೆ ಬಂದು ನೋಡಿದರೆ 1970ರ ಜನವರಿ 1 ತೋರಿಸುತ್ತಿದೆ.

ಗಡಿಯಾರ ಸೊನ್ನೆಗೆ ಹೋಗಿದೆ. ಹಲವು ಕಂಟ್ರೋಲರ್‌ಗಳು ಸಮಯವನ್ನು 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಎಷ್ಟು ಸೆಕೆಂಡ್ ಎಂದು ಎಣಿಸುತ್ತವೆ, ನಮ್ಮ ಝೋನಿನಲ್ಲಿ ಅದು ಬೆಳಗಿನ 5:30 ಆಗಿ ಕಾಣುತ್ತದೆ. ಕೆಲವು 1980ಕ್ಕೋ 2000ಕ್ಕೋ ಹೋಗುತ್ತವೆ. ತಕ್ಷಣ ಸಮಯ ತಿದ್ದಬೇಡಿ. ಪರದೆಯ ಫೋಟೋ ತೆಗೆದು, ಪಕ್ಕದಲ್ಲಿ ನಿಜವಾದ ಸಮಯ ಬರೆದು, ಇತಿಹಾಸ ಇಳಿಸಿ. 1970ರಲ್ಲಿ ಎಷ್ಟು ಹೊತ್ತು ಕಳೆದಿದೆ ಎನ್ನುವುದರಿಂದ ಕರೆಂಟ್ ಯಾವಾಗ ಬಂತು ಅಂತ ಹಿಂದಕ್ಕೆ ಎಣಿಸಬಹುದು, ರಾತ್ರಿಯ ದಾಖಲೆಗಳಿಗೆ ಸರಿಯಾದ ಸಮಯ ಕೂಡಿಸಬಹುದು. ನಂತರ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಜೊತೆ ಹೋಲಿಸಿ, ಯಾಕೆಂದರೆ ಗಡಿಯಾರ ಹೋದ ರಾತ್ರಿ ಅವೂ ಹೋಗಿರಬಹುದು. ಕೊನೆಗೆ ಸಮಯ, ಸೆಲ್.

2038ರಲ್ಲಿ ಏನೋ ಆಗುತ್ತದಂತೆ. ನಮ್ಮ ಕಂಟ್ರೋಲರಿಗೂ ಆಗುತ್ತದೆಯೇ?

ಮೇಲೆ ಹೇಳಿದ ಸೆಕೆಂಡ್ ಎಣಿಕೆಯನ್ನು 32 ಬಿಟ್ ಸಂಖ್ಯೆಯಲ್ಲಿ, ಚಿಹ್ನೆ ಸಮೇತ ಇಡುವ ಯಂತ್ರಗಳಲ್ಲಿ ಆ ಎಣಿಕೆ 2038ರ ಜನವರಿ 19ರಂದು ನಮ್ಮ ಸಮಯ ಬೆಳಗ್ಗೆ 8:44:07ಕ್ಕೆ ತುಂಬುತ್ತದೆ, ಮುಂದಿನ ಸೆಕೆಂಡಿಗೆ 1901ಕ್ಕೆ ಬೀಳಬಹುದು. ಎನ್‌ಟಿಪಿಯ ಎಣಿಕೆ ಅದಕ್ಕೂ ಮುಂಚೆ, 2036ರ ಫೆಬ್ರವರಿ 7ರಂದು ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಇವತ್ತು ಕೊಳ್ಳುವ ಕಂಟ್ರೋಲರ್ ಹದಿನೈದು ವರ್ಷ ಓಡುವುದು ಸಾಮಾನ್ಯ, ಹಾಗಾಗಿ ಇದು ದೂರದ ಮಾತಲ್ಲ.

ಬೆಂಚಿನ ಮೇಲಿನ ಸ್ಪೇರ್ ಕಂಟ್ರೋಲರಿನಲ್ಲಿ ನೋಡಿಬಿಡಿ, ಲೈನಿನಲ್ಲಿರುವುದರ ಮೇಲೆ ಬೇಡ. ಸಮಯವನ್ನು ಆ ದಿನ 8:40ಕ್ಕೆ ಇಟ್ಟು, 12 ಮಿಲಿಆಂಪ್ ಕೊಟ್ಟು ಹರಿವು ತೋರಿಸುವಂತೆ ಮಾಡಿ, ಐದು ನಿಮಿಷ ಕಾಯಿರಿ. 8:45 ತೋರಿಸಿದರೆ ಹಾಗೇ ಬಿಟ್ಟು 9 ಗಂಟೆಯ ದಾಖಲೆ ಬಂತೇ ನೋಡಿ. ನಿಂತರೆ, ಹಿಂದಕ್ಕೆ ಜಿಗಿದರೆ, ಟೋಟಲೈಸರ್ ಸೊನ್ನೆಯಾದರೆ ತಯಾರಕರಿಗೆ ಫರ್ಮ್‌ವೇರ್ ಆವೃತ್ತಿಯ ಸಮೇತ ಬರೆಯಿರಿ. ಪರೀಕ್ಷೆ ಮುಗಿದಮೇಲೆ ಇತಿಹಾಸ ಅಳಿಸಿ, ಗಡಿಯಾರವನ್ನು ಇವತ್ತಿಗೆ ತಂದು, ಸೆಟ್ಟಿಂಗ್ ಮತ್ತೆ ಲೋಡ್ ಮಾಡಿ, ಫಲಿತಾಂಶ ಬರೆದ ಚೀಟಿಯನ್ನು ಸ್ಪೇರ್ ಪೆಟ್ಟಿಗೆಯ ಮೇಲೆ ಅಂಟಿಸಿಡಿ.